ಅಂಗಿ ತೆಗೆಯದವನು

ಬಾಣಂತಿ ಕೋಣೆಗೆ ಅದರದ್ದೇ ಒಂದು ವಾಸನೆ ಇರುತ್ತಿತ್ತು. ಕಾಯಿಸಿದ ತೆಂಗಿನೆಣ್ಣೆ, ಬೆಳ್ಳುಳ್ಳಿ, ಬಚ್ಚಲೊಲೆಯ ಹೊಗೆ ಹಿಡಿದ ಹಳೆಯ ಸೀರೆಯ ತುಂಡುಗಳು. ಇವೆಲ್ಲದರ ಅಡಿಯಲ್ಲಿ, ಹುಳಿಯಾಗಲು ತೊಡಗಿದ ಹಾಲಿನ ಒಂದು ತೆಳುವಾದ ಎಳೆ. ತಂಗಿ ಹುಟ್ಟಿದಾಗ ಸುಂದರನಿಗೆ ಐದು ವರ್ಷ. ಕೋಣೆಯ ಹೊಸ್ತಿಲು ದಾಟಬಾರದು ಎಂದು ಅಜ್ಜಿ ಹೇಳಿದ್ದಳು. ಅವನು ಹೊಸ್ತಿಲ ಮೇಲೆಯೇ ಕುಳಿತು ಮೂಗಿನಿಂದ ಒಳಗೆ ಹೋಗಿಬರುತ್ತಿದ್ದ. ಈಗ ಅರುವತ್ತೇಳನೆಯ ವಯಸ್ಸಿನಲ್ಲಿ, ಕಾಪುವಿನ ಮನೆಯ ಬಚ್ಚಲಿನಲ್ಲಿ ಚಿಲಕ ಹಾಕಿಕೊಂಡು, ರಾತ್ರಿ ತೊಟ್ಟ ಬನಿಯನನ್ನು ಮೂಗಿಗೆ ಹಿಡಿದು ನಿಂತಾಗ ಆ ಎಳೆ ಸಿಕ್ಕಿತು. ಬನಿಯನಿನ ಎಡಭಾಗದಲ್ಲಿ ಹೆಬ್ಬೆರಳಿನ ಉಗುರಿನಷ್ಟು ಅಗಲದ ಒಂದು ಕಲೆ ಒಣಗಿ ಗಟ್ಟಿಯಾಗಿತ್ತು. ಅವನಿಗೆ ಗಾಬರಿಯಾಗಬೇಕಿತ್ತು. ಗಾಬರಿ ಎಲ್ಲಿ ಇರಬೇಕೋ ಆ ಜಾಗ ಅವನಿಗೆ ಗೊತ್ತಿತ್ತು. ನಿಲ್ಲದ ಬಸ್ಸಿನ ಕಿಟಕಿಯಿಂದ ನಿಲ್ದಾಣವೊಂದು ಹಿಂದೆ ಸರಿಯುವಂತೆ ಅದು ಸರಿದುಹೋಯಿತು. ಬನಿಯನನ್ನು ತಾನೇ ಒಗೆದು, ಹಿಂಡಿ, ಹೆಂಡತಿ ಕುಶಲಾಳ ಸೀರೆಯ ಮರೆಯಲ್ಲಿ ಒಣಗಲು ಹಾಕಿದ. ಎದೆಯನ್ನು ನೋಡಿಕೊಳ್ಳಲಿಲ್ಲ. ನೋಡದೆಯೇ ಮೀಯುವುದು ಒಂದು ವರ್ಷದಿಂದ ಅಭ್ಯಾಸವಾಗಿತ್ತು.

"ಆಯ್ತಾ ನಿಮ್ಮದು? ಹತ್ತು ಗಂಟೆಗೆ ಡಾಕ್ಟ್ರು ಹೇಳಿದ್ದು," ಎಂದು ಕುಶಲಾ ಹೊರಗಿನಿಂದ ಕೂಗಿದಳು. "ಇವತ್ತು ಶುಕ್ರವಾರ ಬೇರೆ. ಕಾಫಿ ಮಾತ್ರ ಕುಡಿಯಿರಿ. ತಿರುಗಿ ಬರುವಾಗ ಕಡಿಯಾಳಿಯಲ್ಲಿ ಇಳಿದು, ದೇವಿಯ ಎದುರು ನಿಂತು, ಅಲ್ಲಿಯೇ ಊಟ ಮಾಡಿ ಬರುವಾ."

ಅವನು ಹೂಂ ಎಂದ. ಹೂಂ ಎನ್ನುವುದು ಸುಲಭ. ಅವನಿಗೆ ಸೀಕು ಜೋರಾಗಿದ್ದ ವರ್ಷ ಅವಳು ಹೇಳಿಕೊಂಡ ಹರಕೆ ಅದು. ಇವರಿಗೆ ಗುಣವಾದರೆ ಕರೆದುಕೊಂಡು ಬಂದು ನಿನ್ನ ಎದುರು ನಿಲ್ಲಿಸುತ್ತೇನೆ ಎಂದು. ಚಿನ್ನವಲ್ಲ, ಬೆಳ್ಳಿಯಲ್ಲ, ಬರೀ ಒಬ್ಬ ಮನುಷ್ಯ ಬಂದು ನಿಲ್ಲಬೇಕು. ಇಷ್ಟು ಸಣ್ಣದನ್ನು ಯಾರೂ ಕೇಳಲಿಕ್ಕಿಲ್ಲ. ಆದರೆ ಒಳಗೆ ಹೋಗಬೇಕಾದರೆ ಗಂಡಸರು ಅಂಗಿ ತೆಗೆಯಬೇಕು, ಬನಿಯನನ್ನೂ ತೆಗೆಯಬೇಕು. ಎಲ್ಲರೂ ತೆಗೆಯುತ್ತಾರೆ. ಅವನೂ ಹತ್ತು ವರ್ಷದ ಹುಡುಗನಾಗಿದ್ದಾಗಿನಿಂದ ತೆಗೆದವನೇ. ಅಂಗಿಯನ್ನು ಮಡಚಿ ಹೆಗಲಿಗೆ ಹಾಕಿಕೊಂಡು, ಅದೊಂದು ಯೋಚಿಸುವ ಸಂಗತಿ ಎಂದು ಎಂದೂ ಅನ್ನಿಸದೆ, ಮುಂದಿನವನ ಬೆನ್ನನ್ನು ನೋಡುತ್ತ ನಡೆದವನೇ.

ಕಾಪುವಿನಲ್ಲಿ ಬಸ್ಸು ಹತ್ತಿದಾಗ ಕಂಡಕ್ಟರ್ ರಿತೇಶ್ ಅವನ ಗುರುತು ಹಿಡಿದ. ಉಡುಪಿಯ ಬಸ್ ನಿಲ್ದಾಣದಲ್ಲಿ ಮೂವತ್ತೆಂಟು ವರ್ಷ ಏಜೆಂಟನಾಗಿ ಬಸ್ಸುಗಳನ್ನು ಕೂಗಿದವನ ಗುರುತು ಯಾರಿಗೆ ಇಲ್ಲ? ಮಣಿಪಾಲ, ಪರ್ಕಳ, ಹಿರಿಯಡ್ಕ, ಬೈಲೂರು, ಕಾರ್ಕಳ ಎಂದು ಅವನು ಒಂದೇ ಉಸಿರಿನಲ್ಲಿ ಎಳೆದರೆ ಕೊನೆಯ ಹೆಸರು ರಸ್ತೆಯ ಆ ಬದಿಯ ಹೊಟೇಲಿನವರೆಗೂ ಕೇಳುತ್ತಿತ್ತು. ಚಹಾ ಕುಡಿಯುತ್ತಿದ್ದವರು ಲೋಟ ಇಟ್ಟು ಓಡಿಬರುತ್ತಿದ್ದರು. "ಎಂತ ಸುಂದರಣ್ಣ, ಸ್ವರ ಮನೆಯಲ್ಲಿ ಬಿಟ್ಟು ಬಂದಿರಾ?" ಎಂದು ರಿತೇಶ್ ನಕ್ಕು, ಕುಳಿತಿದ್ದ ಕಾಲೇಜು ಹುಡುಗನನ್ನು ಎಬ್ಬಿಸಿ ಅವನಿಗೆ ಜಾಗ ಕೊಡಿಸಿದ. ಸುಂದರ ಕಿಟಕಿಯ ಪಕ್ಕ ಕುಳಿತು ಕುಶಲಾಳ ಕೈಚೀಲವನ್ನು ಎದೆಗೆ ಒತ್ತಿಕೊಂಡ. ಕೈಚೀಲ ಹಿಡಿದುಕೊಳ್ಳುವುದು ಅವನ ಕೆಲಸವಾದದ್ದು ಕುಶಲಾಳಿಗೆ ಸಂತೋಷ. ಗಂಡ ಸುಧಾರಿಸಿದ್ದಾರೆ ಎಂದು ಅವಳು ಕಾರ್ಕಳದ ಮಗಳು ಚೈತಾಲಿಗೆ ಫೋನಿನಲ್ಲಿ ಹೇಳಿದ್ದಳು.

ಕೆಲಸ ಬಿಟ್ಟ ಎರಡನೆಯ ವರ್ಷ ಆ ಸ್ವರ ತಿರುಗಿ ಬಂದಿತ್ತು, ಆದರೆ ಹೊರಗಿನಿಂದ. ಮನೆಯ ಹಿಂದೆ, ಸಮುದ್ರದ ಬದಿಯಿಂದ, ಅವನದೇ ಗಂಟಲು ಊರಿನ ಹೆಸರುಗಳನ್ನು ಕೂಗುತ್ತಿತ್ತು. ಕ್ರಮೇಣ ಊರುಗಳು ಹೋಗಿ ಮನುಷ್ಯರ ಹೆಸರುಗಳು ಬಂದವು. ಸೀಟುಂಟು, ಸೀಟುಂಟು, ಬೇಗ ಹತ್ತಿ. ಒಂದು ಮಧ್ಯಾಹ್ನ ಅದು ಕುಶಲಾ ಎಂದು ಕೂಗಿತು. ಅವಳು ಆ ಬಸ್ಸನ್ನು ತಪ್ಪಿಸಿಕೊಳ್ಳಬಾರದೆಂದೋ, ಹತ್ತಬಾರದೆಂದೋ, ಈಗ ಅವನಿಗೆ ನೆನಪಿಲ್ಲ. ಅವಳ ತೋಳು ಹಿಡಿದು ಎಳೆದು ಮೆಟ್ಟಿಲಿನಿಂದ ನೂಕಿದ್ದು ಮಾತ್ರ ನೆನಪಿದೆ. ಎಲುಬು ಮುರಿಯುವ ಸದ್ದು ತೆಂಗಿನ ಮಡಲು ಮುರಿದಷ್ಟೇ. ಅವಳ ಎಡಗೈಯ ಮಣಿಕಟ್ಟು ಈಗಲೂ ಸ್ವಲ್ಪ ಹೊರಗೆ ವಾಲಿಕೊಂಡಿದೆ. ಬಳೆ ಅಲ್ಲಿ ಒಂದು ಕ್ಷಣ ಸಿಕ್ಕಿಕೊಂಡು ಕೆಳಗೆ ಜಾರುತ್ತದೆ. ಕೇಳಿದವರಿಗೆ ಅವಳು, "ಪಾಚಿಯಲ್ಲಿ ಜಾರಿದ್ದು ಮಾರಾಯ್ರೆ, ಕಣ್ಣು ಎಲ್ಲಿತ್ತೋ ನನ್ನದು," ಎನ್ನುತ್ತಾಳೆ. ಐದು ವರ್ಷಗಳಿಂದ ಅದೇ ಪಾಚಿ, ಅದೇ ನಗು.

ಆಮೇಲೆ ಮಣಿಪಾಲದ ಸಣ್ಣ ಕ್ಲಿನಿಕ್ಕು, ರಾತ್ರಿ ಊಟದ ನಂತರದ ಬಿಳಿ ಮಾತ್ರೆ. ಮೂರು ತಿಂಗಳಿನೊಳಗೆ ಸ್ವರ ನಿಂತಿತು. ಸ್ವರದ ಜೊತೆಗೆ ಉಳಿದದ್ದೂ ಒಂದೊಂದಾಗಿ ನಿಂತಿತು, ಅದಕ್ಕೆ ಅವನು ದೂರು ಹೇಳಲಿಲ್ಲ. ಮೊಮ್ಮಗು ಹುಟ್ಟಿದಾಗ ಎತ್ತಿಕೊಂಡ, ತೂಕ ಗೊತ್ತಾಯಿತು. ಮೀನಿನ ಸಾರು ಬಿಸಿ ಎಂದು ಗೊತ್ತಾಗುತ್ತಿತ್ತು. ಸಾಕು ಎಂದುಕೊಂಡಿದ್ದ. ಕುಶಲಾ ಹೆದರದೆ ಅವನಿಗೆ ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಾಳಲ್ಲ, ಅಷ್ಟು ಸಾಕು.

ಬಸ್ಸು ಕಟಪಾಡಿಯಲ್ಲಿ ನಿಂತಿತು. ಬಲಗಡೆಯ ಬಟ್ಟೆ ಅಂಗಡಿಯ ಹಿಂದಿನ ಓಣಿಯಲ್ಲಿ ಕುಶಲಾಳ ತಮ್ಮ ಕರುಣಾಕರನ ಹೊಸ ಮನೆ. ಕಳೆದ ವರ್ಷ ಅದರ ಗೃಹಪ್ರವೇಶದ ಪೂಜೆಗೆ ಗಂಡಸರೆಲ್ಲ ಅಂಗಿ ತೆಗೆದು ಕುಳಿತಿದ್ದರು. ಅವನೂ ತೆಗೆದ. ಆವರೆಗೆ ಅವನು ಎದೆ ಉಬ್ಬಿದ್ದನ್ನು ಕೊಬ್ಬು ಎಂದುಕೊಂಡಿದ್ದ. ಮಾತ್ರೆ ತಿಂದು ಕುಳಿತವನಿಗೆ ಮೈ ಬರುವುದು ಸಹಜ. ಕರುಣಾಕರ ತೀರ್ಥದ ಲೋಟ ಹಿಡಿದುಕೊಂಡು ಸಾಲಿನ ಮುಂದೆ ಬಂದವನು ನಿಂತು, ಕಣ್ಣು ಕಿರಿದು ಮಾಡಿ, "ಭಾವ, ನೀವು ಹೆಂಗಸರ ಸಾಲಿನಲ್ಲಿ ಕೂತುಕೊಳ್ಳಬೇಕಿತ್ತಲ್ವಾ ಮಾರಾಯ್ರೆ!" ಎಂದ. ಹನ್ನೆರಡು ಮಂದಿ ನಕ್ಕರು. ಅವನೂ ನಕ್ಕ, ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ, ಮತ್ತು ಎಲ್ಲರೂ ನಿಲ್ಲಿಸಿದ ಮೇಲೂ. ಕುಶಲಾ ಅಡುಗೆ ಮನೆಯಲ್ಲಿದ್ದಳು, ಅವಳಿಗೆ ಕೇಳಿಸಲಿಲ್ಲ. ಕರುಣಾಕರ ಕೆಟ್ಟವನಲ್ಲ. ಕೈ ಮುರಿದಾಗ ಅಕ್ಕನನ್ನು ಹದಿನೈದು ದಿನ ಇಟ್ಟುಕೊಂಡು ನೋಡಿದವನು ಅವನೇ. ಆ ದಿನದಿಂದ ಸುಂದರ ಸೆಕೆಗಾಲದಲ್ಲಿಯೂ ಮನೆಯೊಳಗೆ ಅಂಗಿ ಹಾಕಿದ. ವಯಸ್ಸಾಯಿತು, ಚಳಿಯಾಗುತ್ತದೆ ಎಂದ. ಕುಶಲಾ ನಂಬಿ ಎರಡು ದಪ್ಪ ಬನಿಯನ್ ತಂದುಕೊಟ್ಟಳು.

ಅದಾದ ಮೇಲೆ ಎರಡು ಸಲ ಅವಳು ಅವನನ್ನು ಕಡಿಯಾಳಿಗೆ ಕರೆದುಕೊಂಡು ಹೋದಳು. ಎರಡು ಸಲವೂ ಅವನು ಬಾಗಿಲಿನ ಹತ್ತಿರ, ಅಂಗಿಯ ಕುತ್ತಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಬೆವರಿ, ಹಿಂದೆ ಸರಿದ. ಕುಶಲಾ ಅದನ್ನು ತನಗೆ ತಿಳಿದಂತೆ ಓದಿಕೊಂಡಳು. ದೇವಿಯ ಎದುರು ನಿಲ್ಲಲು ಬಿಡದ ಯಾವುದೋ ಒಂದು ಇನ್ನೂ ಒಳಗೆ ಉಂಟು. ಅವಳು ಓದಿದವಳು, ಮಂತ್ರವಾದಿಯ ಹತ್ತಿರ ಹೋಗಲಿಲ್ಲ. ಡಾಕ್ಟರ ಹತ್ತಿರ ಹೋದಳು. "ದೇವಸ್ಥಾನದ ಬಾಗಿಲಿಗೆ ಬಂದ್ರೆ ಇವರ ಮುಖವೇ ಬದಲಾಗ್ತದೆ ಮೇಡಂ. ಯಾರೋ ತಡೆದ ಹಾಗೆ," ಎಂದಳು. ಡಾಕ್ಟರ್ ವಿಜೇತಾ ಅವನ ಮಗಳಿಗಿಂತ ಚಿಕ್ಕವಳು. "ಒಳಗೆ ಹೋಗಬೇಡ ಅಂತ ಯಾರಾದರೂ ಹೇಳ್ತಾರಾ ಸುಂದರ ಅವರೇ?" ಎಂದು ಕೇಳಿದ್ದಳು. ಅವನು ಆಕೆಯ ಮೇಜಿನ ಮೇಲಿನ ಪೆನ್ನನ್ನು ನೋಡಿದ. ಇಲ್ಲ ಎಂದರೆ, ಮತ್ತೆ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಹೌದು ಎಂದರೆ ಅಲ್ಲಿಗೆ ಮುಗಿಯುತ್ತದೆ. "ಹೌದು," ಎಂದ. ಮಾತ್ರೆ ಎರಡು ಪಟ್ಟಾಯಿತು. ನಾಲ್ಕು ತಿಂಗಳಲ್ಲಿ ಎದೆ ಇನ್ನೂ ಬೆಳೆಯಿತು, ಮುಟ್ಟಿದರೆ ನೋಯುವ ಒಂದು ಗಟ್ಟಿ ಗಂಟು ಎರಡೂ ಬದಿಯಲ್ಲಿ ಕುಳಿತುಕೊಂಡಿತು.

ಮಾತ್ರೆಯೇ ಕಾರಣ ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ಅವನೇ ದಿನಗಳನ್ನು ಹಿಂದೆ ಮುಂದೆ ಜೋಡಿಸಿ ಕಂಡುಕೊಂಡದ್ದು. ಹನ್ನೊಂದು ದಿನಗಳಿಂದ ಅವನು ಅದನ್ನು ನಾಲಿಗೆಯ ಅಡಿಯಲ್ಲಿ ಇಟ್ಟುಕೊಂಡು, ನೀರು ಕುಡಿದು, ಆಮೇಲೆ ಬಸಳೆಯ ಚಪ್ಪರದ ಬುಡಕ್ಕೆ ಉಗಿಯುತ್ತಿದ್ದ. ಬಾಯಿ ತೆರೆದು ತೋರಿಸಿ ಎಂದು ಕುಶಲಾ ಒಂದು ದಿನವೂ ಕೇಳಿರಲಿಲ್ಲ. ಲೋಟ ವಾಪಸು ತೆಗೆದುಕೊಂಡು, ಸೆರಗಿನಿಂದ ಅವನ ಗಲ್ಲದ ನೀರು ಒರೆಸಿ ಹೋಗುತ್ತಿದ್ದಳು. ಕೇಳಿದ್ದರೆ ಚೆನ್ನಾಗಿತ್ತು. ಮೋಸ ಇಷ್ಟು ಸುಲಭವಾಗಬಾರದಿತ್ತು. ಮತ್ತು ಮೊನ್ನೆ ಸಂಜೆ, ಬಸಳೆಗೆ ನೀರು ಹಾಕುತ್ತಿದ್ದಾಗ, ಬಹಳ ದೂರದಲ್ಲಿ, ಸಮುದ್ರದ ಸದ್ದೋ ಏನೋ ಎಂಬಂತೆ, ಯಾರೋ ಒಂದು ಹೆಸರನ್ನು ಎಳೆದರು. ಯಾರ ಹೆಸರು ಎಂದು ಕೇಳಿಸಲಿಲ್ಲ. ಅವನು ಕೊಡಪಾನ ಕೆಳಗಿಟ್ಟು ಕುಶಲಾ ಎಲ್ಲಿದ್ದಾಳೆ ಎಂದು ನೋಡಿದ. ಅವಳು ಮೆಟ್ಟಿಲ ಮೇಲೆ ಕುಳಿತು ಬೀನ್ಸ್ ಮುರಿಯುತ್ತಿದ್ದಳು.

ಉಡುಪಿಯಲ್ಲಿ ಬಸ್ಸು ಬದಲಾಯಿಸಿ ಮಣಿಪಾಲಕ್ಕೆ ಹೋಗುವಾಗ ಕಡಿಯಾಳಿ ಬಂತು. ಕುಶಲಾ ಕಿಟಕಿಯಿಂದಲೇ ಕೈಮುಗಿದು, "ಬರುವಾಗ," ಎಂದು ದೇವಿಗೋ ಅವನಿಗೋ ಹೇಳಿದಳು.

ಕ್ಲಿನಿಕ್ಕಿನಲ್ಲಿ ಬಿಪಿ, ತೂಕ ನೋಡುವವನು ಕ್ಲಾರೆನ್ಸ್. ನಲುವತ್ತು ದಾಟಿದ ದೊಡ್ಡ ಮೈಯ ಮನುಷ್ಯ, ಒಂದು ಕಿವಿ ಸ್ವಲ್ಪ ಮಂದ, ಅದಕ್ಕೇ ಎಲ್ಲರ ಹತ್ತಿರ ಬಗ್ಗಿ ಮಾತಾಡುತ್ತಾನೆ. "ಮಾತ್ರೆ ಏರಿಸಿದ್ದಾರಲ್ಲ, ಇವತ್ತು ಹೃದಯದ್ದು ಒಂದು ಇಸಿಜಿ ಪಟ್ಟಿ ತೆಗೀಬೇಕಂತೆ. ಐದು ನಿಮಿಷ ಅಷ್ಟೇ ಸುಂದರಣ್ಣ. ಅಂಗಿ ತೆಗೆದು ಮಲಗಿ," ಎಂದ. ಕುಶಲಾ ಹೊರಗೆ ಕುಳಿತಿದ್ದಳು. ಸುಂದರ ಮಂಚದ ತುದಿಯಲ್ಲಿ ಕುಳಿತ. ಮೇಲಿನ ಗುಂಡಿಗೆ ಕೈ ಹಾಕಿದ, ಅಲ್ಲಿಯೇ ನಿಂತ. "ಹಾಗೆಯೇ ಮಾಡಲಿಕ್ಕೆ ಆಗುವುದಿಲ್ಲವಾ?" ಎಂದ. ಕ್ಲಾರೆನ್ಸ್ ಅವನ ಮುಖ ನೋಡಿದ. ಎದ್ದುಹೋಗಿ ಬಾಗಿಲಿಗೆ ಚಿಲಕ ಹಾಕಿದ, ಪರದೆಯನ್ನು ಸಂದು ಉಳಿಯದಂತೆ ಎಳೆದ, ಟ್ಯೂಬ್‌ಲೈಟು ಆರಿಸಿ ಸಣ್ಣ ದೀಪ ಹಾಕಿದ, ಮತ್ತೆ ಬೆನ್ನು ತಿರುಗಿಸಿ ಯಂತ್ರದ ತಂತಿಗಳನ್ನು ಬೇಕೆಂದೇ ನಿಧಾನವಾಗಿ ಬಿಡಿಸುತ್ತ ನಿಂತ. ಅಷ್ಟು ಹೊತ್ತು ಯಾವ ತಂತಿಯೂ ಸಿಕ್ಕುಗಟ್ಟಿರುವುದಿಲ್ಲ ಎಂದು ಸುಂದರನಿಗೂ ಗೊತ್ತಿತ್ತು.

ತಣ್ಣನೆಯ ಅಂಟು ಎದೆಯ ಮೇಲೆ ಆರು ಕಡೆ ಬಿತ್ತು. ಗಂಟಿನ ಹತ್ತಿರ ಒತ್ತಿದಾಗ ಅವನು ಹಲ್ಲು ಕಚ್ಚಿದ. ಕ್ಲಾರೆನ್ಸ್ ಕೈ ಹಗುರ ಮಾಡಿದ. ಕಾಗದ ಓಡಿತು, ನಿಂತಿತು. ಅವನು ಹತ್ತಿಯನ್ನು ಬಿಸಿನೀರಿನಲ್ಲಿ ಅದ್ದಿ ಅಂಟನ್ನು ಒರೆಸಿ, ಮೈಮೇಲೆ ಬಟ್ಟೆ ಹೊದೆಸಿ, ನಂತರ ಕಿವಿಯ ಹತ್ತಿರ ಬಗ್ಗಿ, "ಈ ಮಾತ್ರೆಯಿಂದ ಕೆಲವರಿಗೆ ಹೀಗೆ ಆಗುವುದು ಉಂಟು. ನೀವೊಬ್ಬರೇ ಅಲ್ಲ," ಎಂದ. "ಡಾಕ್ಟ್ರಿಗೆ ಹೇಳಿದ್ದೀರಾ?"

"ಇಲ್ಲ."

"ಅಕ್ಕನಿಗೆ?"

ಸುಂದರ ಛಾವಣಿಯನ್ನು ನೋಡಿದ. "ಹೇಳಬೇಡ ಕ್ಲಾರೆನ್ಸ್."

"ನಾನು ಹೇಳುವುದಿಲ್ಲ. ಆದ್ರೆ ನೀವು ಹೇಳದಿದ್ರೆ ಅವರು ಇನ್ನೂ ಏರಿಸ್ತಾರೆ ಅಷ್ಟೇ," ಎಂದು ಕ್ಲಾರೆನ್ಸ್ ಅಂಗಿಯನ್ನು ಅವನ ಕೈಗೆ ಸಿಗುವಂತೆ ತೋಳು ಬಿಡಿಸಿ ಹಿಡಿದ. ಮಕ್ಕಳಿಗೆ ಹಿಡಿಯುವ ಹಾಗೆ. ಸುಂದರ ಕೈ ತೂರಿಸಿದ. ಮೂವತ್ತೆಂಟು ವರ್ಷ ಊರಿಗೆಲ್ಲ ಕೇಳುವಂತೆ ಕೂಗಿದ ಗಂಟಲಿನಲ್ಲಿ ನಾಲ್ಕು ಮಾತು ಹೊರಡಿಸಲು ಆಗುವುದಿಲ್ಲ ಎಂಬುದು ಅವನಿಗೆ ದುಃಖವಾಗಿ ಅಲ್ಲ, ಬೇರೆ ಯಾರದೋ ಸುದ್ದಿಯಾಗಿ ಕೇಳಿಸಿತು.

ಡಾಕ್ಟರ ಕೋಣೆಯಲ್ಲಿ ಕುಶಲಾ ತಾನೇ ಶುರುಮಾಡಿದಳು. ನಿದ್ದೆ ಉಂಟು, ಊಟ ಉಂಟು. "ಆದ್ರೆ ಅದೊಂದು ಹೋಗ್ಲಿಲ್ಲ ಮೇಡಂ. ಕಡಿಯಾಳಿಯ ಹೆಸರು ತೆಗೆದ್ರೆ ಈಗಲೂ ಮೈ ಬಿಗಿ ಹಿಡೀತಾರೆ. ಮೊನ್ನೆ ಸಂಜೆ ಬಸಳೆಗೆ ನೀರು ಹಾಕ್ತಾ ಸುಮ್ಮನೆ ನಿಂತುಬಿಟ್ರು, ನನ್ನನ್ನೇ ನೋಡ್ತಾ. ನನಗೆ ಹೆದರಿಕೆ ಆಯ್ತು." ಹೆದರಿಕೆ ಎನ್ನುವಾಗ ಅವಳ ಬಲಗೈ ತಾನಾಗಿ ಹೋಗಿ ಎಡ ಮಣಿಕಟ್ಟನ್ನು ಹಿಡಿದುಕೊಂಡಿತು. ಅವಳಿಗೆ ಅದು ತಿಳಿದಿರಲಿಲ್ಲ. ಪಾತ್ರೆ ತೊಳೆಯುವಾಗ ಬೆನ್ನು ತಿರುಗಿಸಿ ನಿಲ್ಲುವವಳು ಪ್ರತಿ ದಿನ ಇಷ್ಟು ಧೈರ್ಯ ಮಾಡುತ್ತಿದ್ದಳು ಎಂದು ಅವನಿಗೆ ಆಗಲೇ ಗೊತ್ತಾದದ್ದು. ಡಾಕ್ಟರ್ ವಿಜೇತಾ ಚೀಟಿ ಎಳೆದುಕೊಂಡು, "ಹಾಗಾದರೆ ಸ್ವಲ್ಪ ಏರಿಸಿ ನೋಡಬೇಕಾಗ್ತದೆ," ಎಂದು ಬರೆಯಲು ತೊಡಗಿದಳು.

"ಏರಿಸಬೇಡಿ," ಎಂದ ಸುಂದರ.

ಇಬ್ಬರೂ ಅವನ ಕಡೆ ತಿರುಗಿದರು.

"ನಾನು ಹನ್ನೊಂದು ದಿನದಿಂದ ಮಾತ್ರೆ ನುಂಗಲಿಲ್ಲ. ಉಗಿದದ್ದು." ಕುಶಲಾ ಏನೋ ಹೇಳಲು ಬಾಯಿ ತೆರೆದಳು. ಅವನು ಅವಳ ಕಡೆ ನೋಡಲಿಲ್ಲ. "ದೇವಸ್ಥಾನದಲ್ಲಿ ನನ್ನನ್ನು ಯಾರೂ ತಡೆಯಲಿಲ್ಲ. ಹೌದು ಅಂದದ್ದು ಸುಳ್ಳು. ಮೊನ್ನೆ ಸ್ವರ ಕೇಳಿದ್ದು ಸುಳ್ಳಲ್ಲ. ಅದು ಶುರುವಾಗಿದೆ, ದೂರ ಉಂಟು."

"ಮತ್ತೆ ಯಾಕೆ ಬಿಟ್ಟಿರಿ?" ಎಂದು ಡಾಕ್ಟರ್ ಕೇಳಿದಳು, ಗದರದೆ.

ಅವನು ಅಂಗಿಯ ಗುಂಡಿಗಳನ್ನು ಮೇಲಿನಿಂದ ಒಂದೊಂದಾಗಿ ಬಿಚ್ಚಿದ. ಅಂಗಿಯನ್ನು ತೆಗೆದು ಅಭ್ಯಾಸದಂತೆ ಮಡಚಿ ಹೆಗಲಿಗೆ ಹಾಕಿಕೊಂಡ. ಬನಿಯನನ್ನು ತಲೆಯ ಮೇಲಿನಿಂದ ಎಳೆದ. ಫ್ಯಾನಿನ ಗಾಳಿ ತಾಗಿತು. ಕೈಗಳನ್ನು ಎಲ್ಲಿ ಇಡಬೇಕು ಎಂದು ತಿಳಿಯದೆ ತೊಡೆಯ ಮೇಲೆ ಇಟ್ಟು, ಗೋಡೆಯ ಕ್ಯಾಲೆಂಡರಿನಲ್ಲಿ ಶುಕ್ರವಾರಗಳನ್ನು ನೋಡುತ್ತ ಕುಳಿತ.

ಕುರ್ಚಿ ಸರಿದ ಸದ್ದು ಕೇಳಿತು. ಕುಶಲಾ ಎದ್ದು ಹೋಗಿ, ಅರ್ಧ ತೆರೆದಿದ್ದ ಬಾಗಿಲನ್ನು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು. ಯಾರೋ ಹೊರಗಿನಿಂದ ತಟ್ಟಿದರು. ಅವಳು ಅಲುಗಲಿಲ್ಲ.

ಡಾಕ್ಟರ್ ಅವನ ಒಪ್ಪಿಗೆ ಕೇಳಿ ಬೆರಳಿನಿಂದ ಒತ್ತಿ ನೋಡಿದಳು. ಸ್ರಾವ ಉಂಟಾ ಎಂದು ಕೇಳಿದಾಗ ಅವನು ಬೆಳಗಿನ ಬನಿಯನಿನ ವಿಷಯ ಹೇಳಿದ. ಗಂಡಸರಲ್ಲಿ ಅಪರೂಪ, ಆದರೆ ಆಗುವುದು ಉಂಟು ಎಂದಳು. ಹಾಲೂಡುವ ತಾಯಂದಿರಲ್ಲಿ ಏರುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಈ ಮಾತ್ರೆಯಿಂದ ಯಾರಲ್ಲಿಯೂ ಏರಬಹುದು. ವಯಸ್ಸಾದವರಲ್ಲಿ ಅದು ಎಲುಬನ್ನೂ ಸವೆಸುತ್ತದೆ. ರಕ್ತ ಪರೀಕ್ಷೆ ಮಾಡಬೇಕು, ಎಲುಬಿನದ್ದೂ ಮಾಡಬೇಕು, ಈ ಗಂಟುಗಳನ್ನು ಒಮ್ಮೆ ಸ್ಕ್ಯಾನ್ ಮಾಡಿಸಬೇಕು. "ಬೇರೆ ಮಾತ್ರೆ ಉಂಟು. ಆದರೆ ಒಂದೇ ದಿನದಲ್ಲಿ ಬದಲಾಯಿಸಲಿಕ್ಕೆ ಆಗುವುದಿಲ್ಲ. ಇವತ್ತು ರಾತ್ರಿ ಹಳೆಯದನ್ನು ಕಡಿಮೆಯಲ್ಲಿ ಶುರು ಮಾಡಿ, ಹೊಸದು ಜೊತೆಗೆ. ವಾರ ವಾರ ಬನ್ನಿ. ದೂರ ಇದ್ದದ್ದು ಹತ್ತಿರ ಬಂದರೆ ಅದೇ ದಿನ ಫೋನ್ ಮಾಡಿ, ಆಯ್ತಾ?" ಪೆನ್ನು ಕೆಳಗಿಟ್ಟು, "ನಾನು ಕಳೆದ ಸಲವೇ ಕೇಳಬೇಕಿತ್ತು. ಕೇಳಲಿಲ್ಲ," ಎಂದಳು.

"ಇದು ಇಳಿಯುತ್ತದಾ?" ಎಂದು ಬಾಗಿಲಿನಿಂದ ಕುಶಲಾ ಕೇಳಿದಳು.

"ನೋವು ಹೋಗ್ತದೆ. ಗಾತ್ರ ಸ್ವಲ್ಪ ಇಳಿಯಬಹುದು. ಪೂರ್ತಿ ಇಳಿಯದೆ ಇರಲೂಬಹುದು ಅಕ್ಕ. ಸುಳ್ಳು ಹೇಳಬಾರದು ನಾನು."

ಹೊರಗೆ ಕ್ಲಾರೆನ್ಸ್ ಮಾತ್ರೆಗಳ ಲಕೋಟೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಹಳೆಯದು, ಹೊಸದು ಎಂದು ಬರೆದುಕೊಟ್ಟ. ಬಸ್ಸಿನಲ್ಲಿ ಕುಶಲಾ ಚೀಲವನ್ನು ಅವನಿಗೆ ಕೊಡದೆ ತನ್ನ ಮಡಿಲಿನಲ್ಲಿಯೇ ಇಟ್ಟುಕೊಂಡಿದ್ದಳು, ಮತ್ತೆ ಏನೋ ನೆನಪಾದಂತೆ ಅದನ್ನು ಅವನ ಎದೆಗೆ ಒರಗಿಸಿದಳು. ಸಿಟ್ಟಿರಬಹುದು. ಹನ್ನೊಂದು ರಾತ್ರಿಗಳನ್ನು ಅವಳು ಮನಸ್ಸಿನಲ್ಲಿ ಒಂದೊಂದಾಗಿ ತೆರೆದು ನೋಡುತ್ತಿರಬಹುದು, ಗಲ್ಲ ಒರೆಸಿದ್ದನ್ನೂ. ಅಥವಾ ನಾಲ್ಕು ತಿಂಗಳ ಹಿಂದೆ ತಾನೇ ಡಾಕ್ಟರಿಗೆ ಹೇಳಿದ ಮಾತನ್ನು. ಕ್ಷಮಿಸು ಎನ್ನಬೇಕಾದ ಜಾಗ ಬಂತು ಎಂದು ಅವನಿಗೆ ತಿಳಿಯಿತು. ಅವನು ಅದು ಸರಿದುಹೋಗುವುದನ್ನು ನೋಡಿದ.

ಕಡಿಯಾಳಿ ಎಂದು ಕಂಡಕ್ಟರ್ ಕೂಗಿದಾಗ ಅವಳು ಎದ್ದಳು. ಅವನು ಏಳಲಿಲ್ಲ.

"ಇಳಿಯಿರಿ," ಎಂದಳು. "ಒಳಗೆ ಬರಬೇಡಿ."

ದೇವಸ್ಥಾನದ ಹೊರಗೆ ಚಪ್ಪಲಿ ಬಿಡುವಲ್ಲಿ ಒಂದು ಸಿಮೆಂಟಿನ ಕಟ್ಟೆ. ಅವನು ಅಲ್ಲಿ ಕುಳಿತ. ಅವಳು ಸೆರಗು ಸರಿಮಾಡಿಕೊಂಡು ಒಬ್ಬಳೇ ಮೆಟ್ಟಿಲು ಹತ್ತಿದಳು. ಗಂಡಸರು ಬರುತ್ತಿದ್ದರು, ನಿಂತು, ಅಂಗಿ ತೆಗೆದು, ಹೆಗಲಿಗೆ ಹಾಕಿಕೊಂಡು, ಫೋನಿನಲ್ಲಿ ಮಾತಾಡುತ್ತಲೇ ಒಳಗೆ ಹೋಗುತ್ತಿದ್ದರು. ಹೊಟ್ಟೆಗಳು, ಬೆನ್ನುಗಳು, ಬಿಳಿಯಾದ ಎದೆಗೂದಲು. ಒಬ್ಬ ಮುದುಕನ ಎದೆಯಲ್ಲಿ ಉದ್ದ ಹೊಲಿಗೆಯ ಗುರುತಿತ್ತು, ಹೃದಯ ಬಿಚ್ಚಿ ಮುಚ್ಚಿದ್ದು. ಅವನು ಅದನ್ನು ಹೊತ್ತುಕೊಂಡು ಎಲ್ಲರ ಹಾಗೆ ಹೋದ. ಸುಂದರ ನೋಡಿದ, ಅದರಿಂದ ಏನೂ ಅನ್ನಿಸಲಿಲ್ಲ. ರಸ್ತೆಯಲ್ಲಿ ಮತ್ತೊಂದು ಬಸ್ಸು ನಿಂತು ಪರ್ಕಳ, ಹಿರಿಯಡ್ಕ ಎಂದಿತು. ಅವನು ಕತ್ತು ತಿರುಗಿಸಿ ಕೂಗಿದವನ ಬಾಯಿಯನ್ನು ನೋಡಿದ, ಸ್ವರ ಆ ಬಾಯಿಯಿಂದಲೇ ಬರುತ್ತಿದೆಯೇ ಎಂದು. ಅಲ್ಲಿಂದಲೇ ಬರುತ್ತಿತ್ತು. ಇನ್ನು ಪ್ರತಿ ಸಲವೂ ಹೀಗೆ ನೋಡಬೇಕಾಗುತ್ತದೆ, ವಾರ ವಾರ, ಬಹುಶಃ ಉಳಿದಷ್ಟು ಕಾಲ.

ಮಂಗಳಾರತಿಯ ಗಂಟೆ ಆಗಿ ನಿಂತಿತು. ಊಟದ ಚಪ್ಪರದ ಕಡೆಯಿಂದ ಬಕೆಟ್ಟುಗಳ ಸದ್ದು ಬಂತು. ಅವಳು ಸಾಲಿನಲ್ಲಿ ಕುಳಿತಿರಬೇಕು ಎಂದುಕೊಂಡ. ಬೆಳಗಿನಿಂದ ಬರೀ ಕಾಫಿಯಲ್ಲಿದ್ದವಳು, ಉಣ್ಣಲಿ. ಬಿಸಿಲು ಕಟ್ಟೆಯ ಅರ್ಧಕ್ಕೆ ಬಂದಾಗ ಅವನು ನೆರಳಿಗೆ ಸರಿದ.

ಕುಶಲಾ ಬಂದದ್ದು ಹಿಂದಿನ ಬಾಗಿಲಿನಿಂದ. ಕೈಯಲ್ಲಿ ಬಾಳೆಎಲೆಯ ಎರಡು ದೊಡ್ಡ ಕಟ್ಟುಗಳು, ಮೇಲಿನ ಎಲೆ ಬಿಸಿಗೆ ಬಾಡಿತ್ತು. ಕಣ್ಣು ಕೆಂಪಾಗಿತ್ತು, ಮುಖ ತೊಳೆದುಕೊಂಡಿದ್ದಳು.

"ಹರಕೆ ಹೇಳಿದ್ದು ನಾನು. ನಾನೇ ನಿಂತು ಬಂದೆ," ಎಂದಳು.

ಅವನು ಅವಳನ್ನು ನೋಡಿದ. "ಸಾಕಂತಾ?"

"ಅವಳು ಎಂತ ಹೇಳ್ತಾಳೆ? ಹೆಂಗಸಲ್ವಾ ಅವಳೂ." ಅವಳು ಕಟ್ಟೆಯ ಮೇಲೆ ಅವನ ಪಕ್ಕ ಕುಳಿತಳು. "ಬಡಿಸುವವರ ಹತ್ತಿರ, ಹೊರಗೆ ಒಬ್ಬರು ಇದ್ದಾರೆ, ಒಳಗೆ ಬರಲಿಕ್ಕೆ ಆಗುವುದಿಲ್ಲ ಅಂದೆ. ಯಾರು, ಯಾಕೆ ಅಂತ ಕೇಳಲೇ ಇಲ್ಲ. ಎರಡು ಎಲೆ ಕಟ್ಟಿ ಕೊಟ್ರು."

ರಾತ್ರಿ ಮಾತ್ರೆ ಕೊಡುವಾಗ ಬಾಯಿ ತೆರೆದು ತೋರಿಸುತ್ತೇನೆ ಎಂದು ಅವನು ಹೇಳಿದ. ಅವಳು ದಾರ ಬಿಚ್ಚಿ, ಎಲೆಯನ್ನು ಅಗಲಿಸಿ, ಅನ್ನದ ಮೇಲಿನ ಸಾರು ಚೆಲ್ಲದಂತೆ ಅಂಚನ್ನು ಎತ್ತಿ ಹಿಡಿದು ಅವನ ಕೈಗೆ ಕೊಟ್ಟಳು.